ಯಂತ್ರಗಣಿತದಲ್ಲಿ ಫಲಭೇದವೂ ಅದರ ಮೂಲಶೋಧನವೂ

ಒಂದೇ ಗ್ರಂಥದ ಎರಡು ಓಲೆಯ ಪ್ರತಿಗಳು ಒಂದು ಸ್ಥಳದಲ್ಲಿ ಭಿನ್ನಪಾಠಗಳನ್ನು ಕೊಟ್ಟರೆ ಅವುಗಳಲ್ಲಿ ಗ್ರಂಥಕರ್ತನ ಪಾಠ ಯಾವುದು, ಲಿಪಿಕಾರನ ಪ್ರಮಾದ ಯಾವುದು ಎಂದು ನಿರ್ಣಯಿಸುವ ಶ್ರಮವು ಈ ಪತ್ರಿಕೆಯ ವಾಚಕರಿಗೆ ಹೊಸದಲ್ಲ. ಅದೇ ಬಗೆಯ ಶ್ರಮವು ಅರುವತ್ತು ವರ್ಷಗಳಿಂದ ಭೌತವಿಜ್ಞಾನಿಗಳಿಗೂ ರಸಾಯನಜ್ಞರಿಗೂ ಹವೆಯ ಗತಿಯನ್ನು ಗಣಿಸುವವರಿಗೂ ಒದಗಿಬಂದಿದೆ. ಪ್ರಕೃತಿಯ ಒಂದು ವ್ಯಾಪಾರವನ್ನು ಸಮೀಕರಣಗಳಲ್ಲಿ ಬರೆದು, ಆ ಸಮೀಕರಣಗಳನ್ನು ಗಣಕಯಂತ್ರದಿಂದ ಹೆಜ್ಜೆಹೆಜ್ಜೆಯಾಗಿ ಬಿಡಿಸುತ್ತ ಹೋಗಿ, ಪ್ರಯೋಗಶಾಲೆಯಲ್ಲಿ ನೋಡಲಾಗದುದನ್ನು ಲೆಕ್ಕದಲ್ಲಿ ನೋಡುವ ವಿಧಾನಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಈ ಲೇಖನದಲ್ಲಿ ಅದನ್ನು ಅನುಕರಣವೆಂದು ಕರೆಯಲಾಗಿದೆ. ಯಂತ್ರಕ್ಕೆ ಕೊಡುವ ಆಜ್ಞೆಗಳ ಮಾಲೆಗೆ ಕ್ರಮವಿಧಿಯೆಂಬ ಹೆಸರು ಕನ್ನಡದಲ್ಲಿ ಆಗಲೇ ರೂಢವಾಗಿದೆ. ಒಂದೇ ಪ್ರಶ್ನೆಗೆ ಎರಡು ಅನುಕರಣಗಳು ಎರಡು ಉತ್ತರಗಳನ್ನು ಕೊಟ್ಟಾಗ ಭೇದದ ಮೂಲವನ್ನು ವಿದ್ವಾಂಸರು ಹೇಗೆ ಹುಡುಕಿದರು ಎಂಬ ಚರಿತ್ರೆಯ ಕೆಲವು ಘಟ್ಟಗಳನ್ನು ನಿರೂಪಿಸುವುದು ಇಲ್ಲಿಯ ಉದ್ದೇಶ.

ಯಂತ್ರಕ್ಕೆ ಪ್ರಮಾದವಿಲ್ಲ, ಇಂದು ಕೊಟ್ಟ ಲೆಕ್ಕವನ್ನೇ ನಾಳೆ ಕೊಟ್ಟರೆ ಅದೇ ಉತ್ತರ ಬರಲೇಬೇಕು ಎಂಬುದು ಲೋಕಪ್ರತೀತಿ. ಈ ಪ್ರತೀತಿಗೆ ವಿರುದ್ಧವಾದ ಪ್ರಸಿದ್ಧ ನಿದರ್ಶನವು ೧೯೬೧ರಲ್ಲಿ ದೊರೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಲಯದಲ್ಲಿ ಎಡ್ವರ್ಡ್ ಲೊರೆನ್ಸ್ ಎಂಬ ಹವಾಮಾನ ಶಾಸ್ತ್ರಜ್ಞರು ಹನ್ನೆರಡು ಸಮೀಕರಣಗಳಿಂದ ಒಂದು ಕೃತಕ ಹವೆಯನ್ನು ಕಲ್ಪಿಸಿ, ಮೇಜಿನಷ್ಟು ದೊಡ್ಡದಾದ ಎಲ್.ಜಿ.ಪಿ. ೩೦ ಎಂಬ ಯಂತ್ರದಲ್ಲಿ ಅದನ್ನು ನಡೆಸುತ್ತಿದ್ದರು. ಹಿಂದೆ ಬಂದ ಒಂದು ಫಲವನ್ನು ಇನ್ನೂ ವಿಸ್ತಾರವಾಗಿ ನೋಡಬೇಕೆಂದು ಅವರಿಗೆ ತೋರಿತು. ಲೆಕ್ಕವನ್ನು ಮೊದಲಿನಿಂದ ಮಾಡಿಸುವುದಕ್ಕೆ ಬದಲಾಗಿ, ಯಂತ್ರವು ಹಿಂದೆ ಅಚ್ಚೊತ್ತಿಕೊಟ್ಟಿದ್ದ ಕಾಗದದಿಂದ ನಡುವಿನ ಒಂದು ಸಾಲಿನ ಅಂಕಗಳನ್ನು ತೆಗೆದು ಟೈಪುಮಾಡಿ, ಯಂತ್ರವನ್ನು ಅಲ್ಲಿಂದ ಮುಂದಕ್ಕೆ ಓಡಿಸಿ ಕಾಫಿ ಕುಡಿಯಲು ಹೋದರು. ಒಂದು ಗಂಟೆಯ ತರುವಾಯ ಹಿಂದಿರುಗಿ ನೋಡಲಾಗಿ, ಅಷ್ಟರಲ್ಲಿ ಯಂತ್ರವು ಸುಮಾರು ಎರಡು ತಿಂಗಳ ಹವೆಯನ್ನು ಗಣಿಸಿತ್ತು. ಆ ಹವೆಗೂ ಹಿಂದಿನ ಹವೆಗೂ ಸಂಬಂಧವೇ ಇರಲಿಲ್ಲ.

ಆ ಕಾಲದ ಯಂತ್ರಗಳಲ್ಲಿ ನಿರ್ವಾತ ಕೊಳವೆಗಳು ಕೆಡುವುದು ಸಾಮಾನ್ಯವಾಗಿದ್ದುದರಿಂದ ಲೊರೆನ್ಸರ ಮೊದಲ ಸಂಶಯವು ಯಂತ್ರದ ಮೇಲೆಯೇ ಹೋಯಿತು. ಆದರೆ ದುರಸ್ತಿಯವನನ್ನು ಕರೆಯುವ ಮೊದಲು, ತಪ್ಪು ಯಾವ ಸಾಲಿನಲ್ಲಿ ಆರಂಭವಾಯಿತೆಂಬುದನ್ನು ಗೊತ್ತುಮಾಡಿಟ್ಟರೆ ಅವನ ಕೆಲಸ ಬೇಗ ಆದೀತೆಂದು ಅವರು ಎರಡು ಕಾಗದಗಳನ್ನೂ ಸಾಲುಸಾಲಾಗಿ ಹೋಲಿಸಿದರು. ಯಂತ್ರವು ಕೆಟ್ಟಿದ್ದರೆ ಭೇದವು ಯಾವುದೋ ಒಂದು ಸಾಲಿನಲ್ಲಿ ಥಟ್ಟನೆ ಕಾಣಬೇಕಾಗಿತ್ತು. ಇಲ್ಲಿ ಹಾಗಾಗಿರಲಿಲ್ಲ. ಮೊದಲ ಸಾಲುಗಳು ಒಂದೇ ಆಗಿದ್ದುವು. ಅನಂತರ ಕಡೆಯ ಅಂಕದಲ್ಲಿ ಒಂದರ ವ್ಯತ್ಯಾಸ. ಆಮೇಲೆ ಅದರ ಹಿಂದಿನ ಅಂಕದಲ್ಲಿ. ಹೀಗೆ ಭೇದವು ಸುಮಾರು ನಾಲ್ಕು ದಿನಗಳಿಗೊಮ್ಮೆ ಇಮ್ಮಡಿಯಾಗುತ್ತ ಎರಡನೆಯ ತಿಂಗಳಲ್ಲಿ ಸಾದೃಶ್ಯವು ಸಂಪೂರ್ಣವಾಗಿ ಅಳಿಸಿಹೋಗಿತ್ತು. ಇಷ್ಟನ್ನು ಕಂಡಮೇಲೆ ಕಾರಣವು ತಾನಾಗಿಯೇ ಹೊಳೆಯಿತು. ಯಂತ್ರವು ತನ್ನೊಳಗೆ ಆರು ಅಂಕಗಳನ್ನು ಇಟ್ಟುಕೊಳ್ಳುತ್ತಿತ್ತು. ಕಾಗದದ ಮೇಲೆ ಸ್ಥಳ ಉಳಿಸುವುದಕ್ಕಾಗಿ ಮೂರನ್ನೇ ಅಚ್ಚುಹಾಕುತ್ತಿತ್ತು. ಒಳಗೆ ೦.೫೦೬೧೨೭ ಎಂದಿದ್ದುದು ಹೊರಗೆ ೦.೫೦೬ ಎಂದಾಗಿ, ಆ ಲೋಪವೇ ಬೆಳೆದು ಬೇರೊಂದು ಹವೆಯಾಗಿತ್ತು. ೧೯೬೩ರಲ್ಲಿ ಪ್ರಕಟವಾದ ಲೊರೆನ್ಸರ ಲೇಖನದಿಂದ ಒಂದು ಹೊಸ ಶಾಸ್ತ್ರವೇ ಹುಟ್ಟಿತೆಂಬುದು ಸರ್ವವಿದಿತ. ಆ ಶಾಸ್ತ್ರದ ಕೀರ್ತಿಯಲ್ಲಿ, ಮಾರ್ಗವು ಕವಲೊಡೆದ ಸಾಲನ್ನು ಹುಡುಕಿದ ಆ ಒಂದು ಮಧ್ಯಾಹ್ನದ ತಾಳ್ಮೆಯು ಮರೆಯಾಗಿಹೋದುದು ಮಾತ್ರ ನ್ಯಾಯವಲ್ಲ. ತರುವಾಯದ ಶೋಧಕರೆಲ್ಲರೂ ಮಾಡಿದ್ದು ಇದನ್ನೇ.

ಇಲ್ಲಿ ಯಂತ್ರವೂ ನಿರ್ದೋಷ, ಕ್ರಮವಿಧಿಯೂ ನಿರ್ದೋಷ. ದೋಷಕ್ಕೆ ಆಶ್ರಯವಾದುದು ಸಂಖ್ಯೆಯ ಬಾಲವನ್ನು ಕತ್ತರಿಸುವ ಪದ್ಧತಿ. ಯಂತ್ರದ ಸಂಖ್ಯೆಗಳಿಗೆ ಅಂಕಗಳ ಒಂದು ಮಿತಿಯುಂಟು. ಪ್ರತಿಯೊಂದು ಕ್ರಿಯೆಯ ಕೊನೆಯಲ್ಲಿಯೂ ಉಳಿದ ಬಾಲವನ್ನು ಬಿಟ್ಟು ಸಮೀಪದ ಸಂಖ್ಯೆಗೆ ಸರಿಪಡಿಸಬೇಕು. ಇದನ್ನು ಅಂಕಸಂಕ್ಷೇಪವೆನ್ನಬಹುದು. ಇದರಿಂದ ಅಂಕಗಣಿತದ ಅತಿ ಸಾಮಾನ್ಯವಾದ ಧರ್ಮವೊಂದು ಭಂಗಪಡುತ್ತದೆ. ಮೂರೇ ಅಂಕಗಳನ್ನು ಇಟ್ಟುಕೊಳ್ಳುವ ಒಂದು ಯಂತ್ರವನ್ನು ಭಾವಿಸಿದರೆ, ೧೦೦೦ಕ್ಕೆ ೪ನ್ನು ಕೂಡಿದಾಗ ೧೦೦೪ ಎಂಬುದು ಸಂಕ್ಷೇಪಹೊಂದಿ ೧೦೦೦ ಆಗುತ್ತದೆ. ಮತ್ತೊಂದು ೪ನ್ನು ಕೂಡಿದರೂ ೧೦೦೦ವೇ. ಆದರೆ ಎರಡು ನಾಲ್ಕುಗಳನ್ನು ಮೊದಲು ಕೂಡಿ ಬಂದ ೮ನ್ನು ೧೦೦೦ಕ್ಕೆ ಸೇರಿಸಿದರೆ ೧೦೦೮ ಎಂಬುದು ೧೦೧೦ ಆಗುತ್ತದೆ. ಕೂಡುವ ಕ್ರಮವು ಬೇರೆಯಾದರೆ ಮೊತ್ತವೂ ಬೇರೆ! ಇಂದಿನ ಮಹಾಯಂತ್ರಗಳಲ್ಲಿ ಒಂದು ಮೊತ್ತವನ್ನು ಸಾವಿರಾರು ಅಂಗಗಳು ಹಂಚಿಕೊಂಡು ಗಣಿಸುತ್ತವೆ. ಯಾವ ಅಂಗದ ಪಾಲು ಮೊದಲು ಬಂದೀತೆಂಬುದಕ್ಕೆ ನಿಯಮವಿಲ್ಲದಿದ್ದರೆ ಅದೇ ಯಂತ್ರದಲ್ಲಿ ಅದೇ ಕ್ರಮವಿಧಿಯು ಎರಡು ದಿನ ಎರಡು ಬಗೆಯ ಅಂತ್ಯಾಂಕಗಳನ್ನು ಕೊಡುವುದು ಆಶ್ಚರ್ಯವಲ್ಲ. ಈ ಕಷ್ಟವು ಹೊಸದೂ ಅಲ್ಲ. ಆರ್ಯಭಟೀಯದ ಜ್ಯಾಖಂಡಗಳು ೨೨೫, ೨೨೪, ೨೨೨ ಎಂದು ಪೂರ್ಣ ಕಲೆಗಳಲ್ಲಿಯೇ ಕೊಡಲ್ಪಟ್ಟಿವೆ. ಸುಮಾರು ಒಂಬೈನೂರು ವರ್ಷಗಳ ತರುವಾಯ ಸಂಗಮಗ್ರಾಮದ ಮಾಧವನು ಮೊದಲ ಜ್ಯಾವನ್ನು ೨೨೪ ಕಲೆ, ೫೦ ವಿಕಲೆ, ೨೨ ತತ್ಪರೆ ಎಂದು ಕೊಟ್ಟನು. ಕಲೆಯ ಬಾಲದಲ್ಲಿ ಏನೋ ಉಳಿದಿದೆಯೆಂಬುದು ಗ್ರಹಗಣಿತಜ್ಞರಿಗೆ ತಿಳಿದೇ ಇತ್ತು.

ಅಂಕಸಂಕ್ಷೇಪಕ್ಕೆ ಎಲ್ಲ ಯಂತ್ರಗಳಲ್ಲಿಯೂ ಒಂದೇ ನಿಯಮವಿರಲೆಂದು ೧೯೮೫ರಲ್ಲಿ ಒಂದು ಸಾರ್ವತ್ರಿಕ ಕಟ್ಟಳೆ ಏರ್ಪಟ್ಟಿತು. ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರ, ವರ್ಗಮೂಲ ಈ ಐದಕ್ಕೂ ಫಲವು ಹೇಗಿರಬೇಕೆಂದು ಅದರಲ್ಲಿ ವಿಧಿಸಲಾಯಿತು. ಘಾತ, ಲಘುಗಣಕ, ಜ್ಯಾ ಮೊದಲಾದವುಗಳನ್ನು ವಿಧಿಸದೆ ಬಿಡಲಾಯಿತು. ಹೀಗೆ ಬಿಟ್ಟುದರ ಪರಿಣಾಮವು ಕಂಡುಬಂದುದು ಜಿನೀವಾ ನಗರದ ಬಳಿಯ ಸರ್ನ್ ಸಂಸ್ಥೆಯಲ್ಲಿ. ಸುಮಾರು ೨೭ ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಪ್ರೋಟಾನುಗಳನ್ನು ಓಡಿಸುವ ಮಹಾಯಂತ್ರವನ್ನು ಕಟ್ಟುತ್ತಿದ್ದ ಕಾಲದಲ್ಲಿ, ಲಕ್ಷಗಟ್ಟಲೆ ಸುತ್ತುಗಳ ತರುವಾಯವೂ ಕಣಗಳು ಮಾರ್ಗಬಿಡದೆ ನಿಲ್ಲುವುವೆ ಎಂಬುದನ್ನು ಮೊದಲೇ ತಿಳಿಯಬೇಕಾಗಿತ್ತು. ಲೆಕ್ಕವು ಅಪಾರವಾಗಿದ್ದುದರಿಂದ ೨೦೦೪ರಲ್ಲಿ ಸಂಸ್ಥೆಯವರು ಸಾರ್ವಜನಿಕರ ಮನೆಯ ಗಣಕಯಂತ್ರಗಳನ್ನು ಬಿಡುವಿನ ವೇಳೆಯಲ್ಲಿ ಎರವಲು ಕೇಳಿದರು. ಅಪರಿಚಿತರ ಯಂತ್ರಗಳನ್ನು ನಂಬುವುದು ಹೇಗೆ? ಒಂದೊಂದು ಲೆಕ್ಕವನ್ನೂ ಎರಡು ಮನೆಗಳಿಗೆ ಕಳುಹಿಸಿ, ಎರಡು ಉತ್ತರಗಳೂ ಒಂದಾದರೆ ಮಾತ್ರ ಅಂಗೀಕರಿಸುವ ಪದ್ಧತಿಯನ್ನಿಟ್ಟುಕೊಂಡರು. ಕೆಲವು ಲೆಕ್ಕಗಳಲ್ಲಿ ಉತ್ತರಗಳು ಒಂದಾಗಲಿಲ್ಲ. ಒಂದು ಮನೆಯಲ್ಲಿ ಕಡೆಯವರೆಗೂ ಉಳಿದ ಕಣವು ಮತ್ತೊಂದು ಮನೆಯಲ್ಲಿ ನಡುವೆಯೇ ಕಳೆದುಹೋಗುತ್ತಿತ್ತು.

ಸರ್ನಿನ ಎರಿಕ್ ಮೆಕಿಂಟಾಷ್, ಫ್ರಾಂಕ್ ಷ್ಮಿಟ್ ಎಂಬವರೂ ಫ್ರಾನ್ಸಿನ ಲಿಯಾನಿನ ಫ್ಲೋರಾಂ ದ ದಿನೆಷಾಂ ಎಂಬವರೂ ಈ ಭೇದದ ಜಾಡನ್ನು ಹಿಡಿದು ಹೋದಾಗ, ಘಾತ ಲಘುಗಣಕಗಳನ್ನು ಗಣಿಸುವ ಸಿದ್ಧಕ್ರಮವಿಧಿಗಳು ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿದ್ದು, ಎಲ್ಲೋ ಒಂದೊಂದು ಸಲ ಕಟ್ಟಕಡೆಯ ಅಂಕದಲ್ಲಿ ಭೇದವನ್ನು ಕೊಡುತ್ತಿದ್ದುವೆಂದು ತಿಳಿದುಬಂದಿತು. ಕಡೆಯ ಅಂಕವನ್ನು ಸರಿಯಾಗಿ ಹಾಕುವುದು ಅಷ್ಟು ಕಷ್ಟವೇ ಎಂದು ಕೇಳಬಹುದು. ಸಮಾಧಾನವೇನೆಂದರೆ: ಇಂಥ ಫಲಗಳಿಗೆ ಅಂಕಗಳ ಕೊನೆಯಿಲ್ಲ, ಎರಡು ಸಂಖ್ಯೆಗಳ ಸರಿಮಧ್ಯಕ್ಕೆ ಅತಿ ಸಮೀಪವಾಗಿ ಫಲವು ಬಿದ್ದಾಗ, ಅದು ಮಧ್ಯದ ಈಚೆಗಿದೆಯೋ ಆಚೆಗಿದೆಯೋ ಎಂದು ತಿಳಿಯಲು ಇನ್ನೆಷ್ಟು ಅಂಕಗಳನ್ನು ಗಣಿಸಬೇಕೆಂಬುದು ಗಣಿಸುವ ಮೊದಲು ತಿಳಿಯದು. ಇದಕ್ಕೆ ವಿಲಿಯಂ ಕಹಾನ್ ಎಂಬ ವಿದ್ವಾಂಸರು ಕೋಷ್ಟಕಕಾರನ ಧರ್ಮಸಂಕಟವೆಂದು ಹೆಸರಿಟ್ಟಿದ್ದಾರೆ. ಲಿಯಾನಿನ ಪಂಡಿತರು ಮುಖ್ಯವಾದ ಕೆಲವು ಫಲಗಳಿಗೆ ಅತ್ಯಂತ ಕಠಿನವಾದ ಸಂದರ್ಭದಲ್ಲಿಯೂ ಎಷ್ಟು ಅಂಕಗಳು ಸಾಕೆಂಬುದನ್ನು ಸಾಧಿಸಿ, ಅದಕ್ಕನುಸಾರವಾದ ಸಿದ್ಧಕ್ರಮವಿಧಿಯನ್ನು ರಚಿಸಿದ್ದರು. ಅದನ್ನು ಸರ್ನಿನ ಕ್ರಮವಿಧಿಯಲ್ಲಿ ಅಳವಡಿಸಿದ ಮೇಲೆ ಬೇರೆಬೇರೆ ಯಂತ್ರಗಳ ಉತ್ತರಗಳು ಕಡೆಯ ಅಂಕದವರೆಗೂ ಒಂದಾದುವು.

ಎಲ್ಲ ಕಡೆಯೂ ಇಷ್ಟು ಕಟ್ಟುನಿಟ್ಟು ಬೇಕೆ ಎಂಬುದು ವಿಚಾರಾರ್ಹ. ಪಾಠಾಂತರಗಳಲ್ಲಿ ಅರ್ಥವನ್ನು ಕೆಡಿಸುವುವೂ ಉಂಟು, ಕೆಡಿಸದಿರುವುವೂ ಉಂಟು. ಅಮೆರಿಕದ ಬೋಲ್ಡರ್ ನಗರದ ರಾಷ್ಟ್ರೀಯ ವಾಯುಮಂಡಲ ಸಂಶೋಧನ ಕೇಂದ್ರದವರು ೨೦೧೫ರಲ್ಲಿ ಪ್ರಕಟಿಸಿದ ವಿಧಾನವು ಈ ವಿವೇಕವನ್ನಾಶ್ರಯಿಸಿದೆ. ಭೂಮಿಯ ಹವೆಯ ಅನುಕರಣವನ್ನು ಅವರು ೧೫೧ ಸಲ ನಡೆಸಿದರು. ಒಂದೊಂದು ಸಲವೂ ಆರಂಭದ ಉಷ್ಣತೆಯನ್ನು ದಶಮಾಂಶದ ಹದಿನಾಲ್ಕನೆಯ ಸ್ಥಾನದಷ್ಟು ಅಲುಗಿಸಿದರು. ಆಗ ಫಲಗಳಲ್ಲಿ ಸಹಜವಾಗಿ ತೋರುವ ಹರಹನ್ನು ಅಳೆದಿಟ್ಟುಕೊಂಡು, ಹೊಸ ಯಂತ್ರದ ಫಲವು ಆ ಹರಹಿನೊಳಗೆ ಬಿದ್ದರೆ ನಿರ್ದೋಷವೆಂದೂ ಹೊರಗೆ ಬಿದ್ದರೆ ಶಂಕಾಸ್ಪದವೆಂದೂ ನಿಯಮಿಸಿದರು. ಆರ್ಗಾನ್ ಪ್ರಯೋಗಶಾಲೆಯಲ್ಲಿದ್ದ ಮೀರಾ ಎಂಬ ಯಂತ್ರದ ಫಲಗಳು ಹೀಗೆ ಹೊರಗೆ ಬಿದ್ದಾಗ, ಗುಣಿಸಿ ಕೂಡುವ ಎರಡು ಕ್ರಿಯೆಗಳನ್ನು ಆ ಯಂತ್ರವು ಒಂದೇ ಸಂಕ್ಷೇಪದಲ್ಲಿ ಮುಗಿಸುತ್ತಿದ್ದುದೇ ಕಾರಣವೆಂದು ಗೊತ್ತಾಯಿತು. ಆ ಸೌಕರ್ಯವನ್ನು ನಿಲ್ಲಿಸಿದೊಡನೆ ಫಲಗಳು ಹರಹಿನೊಳಕ್ಕೆ ಬಂದುವು. ವಾಸ್ತವವಾಗಿ ಒಂದು ಸಂಕ್ಷೇಪವು ಎರಡಕ್ಕಿಂತ ಸೂಕ್ಷ್ಮವಾದುದು. ಹೆಚ್ಚು ಸೂಕ್ಷ್ಮವಾದ ಲೆಕ್ಕವೇ ಅನ್ಯವಾಗಿ ತೋರಿದುದು ಇಲ್ಲಿಯ ವಿಶೇಷ.

ಇನ್ನೊಂದು ಜಾತಿಯ ದೋಷವುಂಟು. ಅದರಲ್ಲಿ ಉತ್ತರವು ಎಷ್ಟು ಸಲ ಮಾಡಿದರೂ ಒಂದೇ ಬರುತ್ತದೆ, ಆದರೆ ತಪ್ಪಾಗಿ ಬರುತ್ತದೆ. ಅನೇಕ ಅನುಕರಣಗಳಲ್ಲಿ ದಾಳ ಹಾಕಿದಂತೆ ಯಾದೃಚ್ಛಿಕ ಸಂಖ್ಯೆಗಳನ್ನು ಬಳಸಬೇಕಾಗುತ್ತದೆ. ಯಂತ್ರಕ್ಕೆ ದಾಳವಿಲ್ಲ, ಅದು ಯಾವುದೋ ಒಂದು ಸೂತ್ರದಿಂದ ದಾಳದಂತೆ ತೋರುವ ಸಂಖ್ಯೆಗಳನ್ನು ಹುಟ್ಟಿಸುತ್ತದೆ. ೧೯೮೧ರಲ್ಲಿ ಬಳಕೆಗೆ ಬಂದ ಆರ್. ೨೫೦ ಎಂಬ ಸೂತ್ರದಲ್ಲಿ ಪ್ರತಿಯೊಂದು ಸಂಖ್ಯೆಯೂ ತನಗಿಂತ ೧೦೩ ಸ್ಥಾನ ಹಿಂದಿನದು ಮತ್ತು ೨೫೦ ಸ್ಥಾನ ಹಿಂದಿನದು ಈ ಎರಡರಿಂದ ಹುಟ್ಟುತ್ತದೆ. ಪರೀಕ್ಷೆಗಳಲ್ಲಿ ತೇರ್ಗಡೆಯಾದ ಈ ಸೂತ್ರವು ಉತ್ತಮವೆಂಬ ಹೆಸರನ್ನು ಪಡೆದಿತ್ತು. ೧೯೯೨ರಲ್ಲಿ ಫೆರೆನ್‌ಬರ್ಗ್, ಲ್ಯಾಂಡೌ, ವಾಂಗ್ ಎಂಬ ಮೂವರು ವಿದ್ವಾಂಸರು, ಚೌಕಪಟ್ಟಿಯ ಮೇಲೆ ಜೋಡಿಸಿದ ಸಣ್ಣ ಅಯಸ್ಕಾಂತಗಳ ಲೆಕ್ಕವನ್ನು ಪರೀಕ್ಷೆಗಾಗಿ ಆರಿಸಿಕೊಂಡರು. ಈ ಲೆಕ್ಕಕ್ಕೆ ೧೯೪೪ರಲ್ಲಿ ಲಾರ್ಸ್ ಆನ್ಸಾಗರ್ ಎಂಬವರು ನಿಷ್ಕೃಷ್ಟವಾದ ಉತ್ತರವನ್ನು ಕಂಡುಹಿಡಿದಿದ್ದರು. ಮಿತವಾದ ಪಟ್ಟಿಗೆ ಬೇಕಾದ ಉತ್ತರವು ೧೯೬೯ರಿಂದ ತಿಳಿದಿತ್ತು. ಆದುದರಿಂದ ಅನುಕರಣವನ್ನು ಒರೆಗಲ್ಲಿಗೆ ಹಚ್ಚುವುದು ಸುಲಭವಾಗಿತ್ತು.

ಅಯಸ್ಕಾಂತಗಳನ್ನು ಗುಂಪುಗುಂಪಾಗಿ ತಿರುಗಿಸುವ ವೋಲ್ಫ್ ಎಂಬವರ ಹೊಸ ವಿಧಾನದೊಡನೆ ಆರ್. ೨೫೦ನ್ನು ಕೂಡಿಸಿದಾಗ ಶಕ್ತಿಯ ಮೌಲ್ಯವು ನಿಜದಿಂದ, ಅಂದಾಜು ದೋಷದ ಹಲವು ಪಟ್ಟು ದೂರ ಸರಿದಿತ್ತು. ಕಾರಣವನ್ನು ಅವರು ನಿರ್ಣಯಿಸಿದ ಬಗೆಯು ನೈಯಾಯಿಕರ ಅನ್ವಯವ್ಯತಿರೇಕಗಳಿಗೆ ಶುದ್ಧವಾದ ಉದಾಹರಣೆ. ಸೂತ್ರವನ್ನು ಹಾಗೆಯೇ ಇಟ್ಟು ವಿಧಾನವನ್ನು ಬದಲಾಯಿಸಿ, ಒಂದೊಂದೇ ಅಯಸ್ಕಾಂತವನ್ನು ತಿರುಗಿಸುವ ೧೯೫೩ರ ಹಳೆಯ ವಿಧಾನವನ್ನು ಹಿಡಿದರೆ ಉತ್ತರ ಸರಿಹೋಯಿತು. ವಿಧಾನವನ್ನು ಹಾಗೆಯೇ ಇಟ್ಟು ಸೂತ್ರವನ್ನು ಬದಲಾಯಿಸಿ, ಕೀಳೆಂದು ಎಣಿಸಲ್ಪಟ್ಟಿದ್ದ ಒಂದು ಸರಳ ಗುಣಾಕಾರಸೂತ್ರವನ್ನು ಬಳಸಿದರೂ ಉತ್ತರ ಸರಿಹೋಯಿತು. ದೋಷವು ಇದರಲ್ಲಿಯೂ ಇಲ್ಲ, ಅದರಲ್ಲಿಯೂ ಇಲ್ಲ, ಇವೆರಡರ ಸಂಯೋಗದಲ್ಲಿದೆ. ಸಂಖ್ಯೆಗಳೊಳಗೆ ಅಡಗಿದ್ದ ಪರಸ್ಪರ ಸಂಬಂಧವು ಗುಂಪು ಬೆಳೆಯುವ ಕ್ರಮಕ್ಕೆ ಅಕಸ್ಮಾತ್ತಾಗಿ ಹೊಂದಿಕೊಂಡಿತ್ತು. ನಿಷ್ಕೃಷ್ಟವಾದ ಉತ್ತರವು ಮೊದಲೇ ತಿಳಿದಿರದಿದ್ದರೆ ಈ ತಪ್ಪು ಹೊರಬೀಳುತ್ತಿತ್ತೆ? ಉತ್ತರ ತಿಳಿಯದ ಲೆಕ್ಕಗಳಿಗಾಗಿಯೇ ಅಲ್ಲವೆ ಅನುಕರಣವು ಹುಟ್ಟಿದುದು?

ಉತ್ತರ ತಿಳಿಯದ ಲೆಕ್ಕವೊಂದರಲ್ಲಿ ಎದ್ದ ವಿವಾದವೇ ಈ ಚರಿತ್ರೆಯಲ್ಲಿ ಅತ್ಯಂತ ದೀರ್ಘವಾದುದು. ಅದರ ವಸ್ತು ಸಾಮಾನ್ಯವಾದ ನೀರು. ನೀರು ನಾಲ್ಕು ಡಿಗ್ರಿಯಲ್ಲಿ ಅತ್ಯಂತ ಸಾಂದ್ರವಾಗಿದ್ದು, ಇನ್ನೂ ತಣ್ಣಗಾದರೆ ಹಿಗ್ಗುತ್ತದೆಂಬುದು ಶಾಲೆಯ ಬಾಲಕರಿಗೂ ಗೊತ್ತು. ಶುದ್ಧವಾದ ನೀರನ್ನು ಜಾಗರೂಕತೆಯಿಂದ ತಣಿಸಿದರೆ ಸೊನ್ನೆಯಿಂದ ಸುಮಾರು ನಲವತ್ತು ಡಿಗ್ರಿ ಕೆಳಗಿನವರೆಗೂ ಅದು ಹೆಪ್ಪುಗಟ್ಟದೆ ನಿಲ್ಲಬಲ್ಲುದು. ಈ ಸ್ಥಿತಿಯಲ್ಲಿ ಅದರ ಗುಣಗಳು ವಿಪರೀತವಾಗಿ ಮಾರ್ಪಡುವುದನ್ನೂ, ಸೊನ್ನೆಗೆ ೪೫ ಡಿಗ್ರಿ ಕೆಳಗೆ ಅವು ಅನಂತವಾಗುವಂತೆ ತೋರುವುದನ್ನೂ ೧೯೭೬ರಲ್ಲಿ ಸ್ಪೀಡಿ ಮತ್ತು ಏಂಜೆಲ್ ಎಂಬವರು ತೋರಿಸಿಕೊಟ್ಟರು. ಆದರೆ ಅಲ್ಲಿಯ ನೀರನ್ನು ಕಣ್ಣಾರೆ ನೋಡಲು ಹೊರಟರೆ ಅದು ಕ್ಷಣಮಾತ್ರದಲ್ಲಿ ಹಿಮವಾಗಿಬಿಡುತ್ತದೆ. ಪ್ರತ್ಯಕ್ಷವು ನಿಂತ ಕಡೆ ಅನುಕರಣವೇ ಗತಿಯಾಯಿತು.

ನೀರನ್ನು ಯಂತ್ರದಲ್ಲಿ ಅನುಕರಿಸುವ ವಿದ್ಯೆಗೆ ಅಸ್ತಿಭಾರ ಹಾಕಿದವರಲ್ಲಿ ಒಬ್ಬರು ಭಾರತೀಯರೆಂಬುದು ಇಲ್ಲಿ ಸ್ಮರಣೀಯ. ೧೯೨೭ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ ಎಂಬವರು ಆರ್ಗಾನ್ ಪ್ರಯೋಗಶಾಲೆಯಲ್ಲಿದ್ದಾಗ, ೧೯೬೪ರಲ್ಲಿ ೮೬೪ ಪರಮಾಣುಗಳ ದ್ರವ ಆರ್ಗಾನನ್ನು ಯಂತ್ರದಲ್ಲಿ ಚಲಿಸುವಂತೆ ಮಾಡಿದರು. ೧೯೭೧ರಲ್ಲಿ ಫ್ರಾಂಕ್ ಸ್ಟಿಲಿಂಜರ್ ಎಂಬವರೊಡನೆ ಸೇರಿ ೨೧೬ ಅಣುಗಳ ನೀರನ್ನು ಗಣಿಸಿದರು. ಈ ಇಬ್ಬರೇ ೧೯೭೪ರಲ್ಲಿ ಪ್ರಕಟಿಸಿದ ಎಸ್.ಟಿ. ೨ ಎಂಬ ಮಾದರಿಯು ಮುಂದಿನ ವಿವಾದಕ್ಕೆಲ್ಲ ರಂಗಭೂಮಿಯಾಯಿತು. ೧೯೯೨ರಲ್ಲಿ ಬಾಸ್ಟನ್ ವಿಶ್ವವಿದ್ಯಾಲಯದ ಪೂಲ್, ಷಿಯೊರ್ಟಿನೊ, ಎಸ್‌ಮನ್, ಸ್ಟ್ಯಾನ್ಲಿ ಎಂಬ ನಾಲ್ವರು ಈ ಮಾದರಿಯ ನೀರನ್ನು ಅತಿಶೀತದಲ್ಲಿ ಅನುಕರಿಸಿ, ಅಲ್ಲಿ ನೀರು ಒಂದಲ್ಲ ಎರಡು, ಸಾಂದ್ರತೆ ಹೆಚ್ಚಾದ ಒಂದು ದ್ರವ ಮತ್ತು ಸಾಂದ್ರತೆ ಕಡಮೆಯಾದ ಒಂದು ದ್ರವ, ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಇದು ನಿಜವಾದರೆ ನೀರಿನ ವೈಚಿತ್ರ್ಯಗಳೆಲ್ಲಕ್ಕೂ ಒಂದೇ ಕಾರಣವು ಸಿದ್ಧಿಸುತ್ತದೆ.

೨೦೧೧ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಡ್ ಚಾಂಡ್ಲರ್ ಮತ್ತು ಅವರ ಶಿಷ್ಯರಾದ ಡೇವಿಡ್ ಲಿಮ್ಮರ್ ಇದನ್ನು ಖಂಡಿಸಿದರು. ಚಾಂಡ್ಲರರು ದ್ರವಗಳ ಸಿದ್ಧಾಂತದಲ್ಲಿ ಆ ಕಾಲದ ಅಗ್ರಗಣ್ಯರಲ್ಲೊಬ್ಬರು. ಅವರ ಮಾತನ್ನು ಅಲಕ್ಷ್ಯಮಾಡುವಂತಿರಲಿಲ್ಲ. ಸಾಂದ್ರತೆಯನ್ನು ಒಂದು ದಿಕ್ಕಿನಲ್ಲಿಯೂ ಸ್ಫಟಿಕಕ್ರಮವನ್ನು ಇನ್ನೊಂದು ದಿಕ್ಕಿನಲ್ಲಿಯೂ ಇಟ್ಟು ಶಕ್ತಿಯ ಭೂಪಟವನ್ನು ಬರೆದರೆ, ಸ್ಥಿರವಾಗಿ ನಿಲ್ಲಬಲ್ಲ ಪ್ರತಿಯೊಂದು ಅವಸ್ಥೆಯೂ ಒಂದು ಕಣಿವೆಯಾಗಿ ಕಾಣಬೇಕು. ಬರ್ಕ್ಲಿಯವರ ಪಟದಲ್ಲಿ ಎರಡೇ ಕಣಿವೆಗಳು: ಒಂದು ದ್ರವದ್ದು, ಒಂದು ಹಿಮದ್ದು. ಎರಡನೆಯ ದ್ರವವೆಂದು ಹೇಳುವುದು ಹಿಮವಾಗಲು ಹೊರಟ ನೀರಿನ ನಡುದಾರಿಯೇ ಹೊರತು ಸ್ವತಂತ್ರವಾದ ಅವಸ್ಥೆಯಲ್ಲ. ಸಾಂದ್ರತೆಯು ಬೇಗ ಮಾರ್ಪಟ್ಟು ಸ್ಫಟಿಕಕ್ರಮವು ನಿಧಾನವಾಗಿ ಮಾರ್ಪಡುವುದರಿಂದ, ಸಾಕಷ್ಟು ಕಾಯದವರಿಗೆ ಅದು ದ್ರವದಂತೆ ಭ್ರಾಂತಿಯನ್ನು ಹುಟ್ಟಿಸುತ್ತದೆ ಎಂಬುದು ಅವರ ವಾದ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಪಾಬ್ಲೊ ಡೆಬೆನೆಡೆಟ್ಟಿ ಮತ್ತು ಸಹೋದ್ಯೋಗಿಗಳ ಪಟದಲ್ಲಾದರೊ, ಅದೇ ಮಾದರಿಯ ನೀರಿಗೆ ಹಿಮದ ಕಣಿವೆಯಿಂದ ಪ್ರತ್ಯೇಕವಾಗಿ ಎರಡು ದ್ರವಗಳ ಕಣಿವೆಗಳಿದ್ದುವು. ೨೦೧೪ರಲ್ಲಿ ಅವರು ನೇಚರ್ ಪತ್ರಿಕೆಯಲ್ಲಿ, ಆರು ಬೇರೆಬೇರೆ ವಿಧಾನಗಳಿಂದ ಗಣಿಸಿದರೂ ಎರಡು ದ್ರವಗಳೂ ಬರುತ್ತವೆಂದು ಪ್ರಕಟಿಸಿದರು. ಚಾಂಡ್ಲರರು ಅದನ್ನೂ ಒಪ್ಪಲಿಲ್ಲ. ಆಕ್ಷೇಪ, ಸಮಾಧಾನ, ಪುನರಾಕ್ಷೇಪಗಳು ೨೦೧೬ರವರೆಗೂ ಅಚ್ಚಾದುವು.

ಈ ವಿವಾದವು ಇಷ್ಟು ವರ್ಷ ನಿಂತುದಕ್ಕೆ ಕಾರಣವನ್ನು ವಿಚಾರಿಸಬೇಕು. ಮಾದರಿಯು ಒಂದೇ, ಬಲಗಳು ಒಂದೇ, ಉಷ್ಣತೆ ಒತ್ತಡಗಳು ಒಂದೇ. ಪ್ರಕೃತಿಯು ಹೇಗಿದೆಯೆಂಬ ಪ್ರಶ್ನೆಯೇ ಇಲ್ಲಿಲ್ಲ. ಒಂದು ನಿಶ್ಚಿತವಾದ ಲೆಕ್ಕದ ಉತ್ತರವೇನೆಂಬುದಷ್ಟೇ ಪ್ರಶ್ನೆ. ಎರಡು ಪಕ್ಷಗಳಲ್ಲಿ ಒಂದು ತಪ್ಪಿರಲೇಬೇಕು. ಆದರೆ ಪ್ರತಿಯೊಂದು ಪಕ್ಷವೂ ತನ್ನ ಕ್ರಮವಿಧಿಯನ್ನು ಮತ್ತೆಮತ್ತೆ ನಡೆಸಿ ತನ್ನ ಉತ್ತರವನ್ನೇ ಮತ್ತೆಮತ್ತೆ ಪಡೆಯುತ್ತಿತ್ತು. ತನ್ನ ಬಳಿಯ ಓಲೆಯನ್ನು ಹತ್ತು ಸಲ ಓದಿದ ಮಾತ್ರದಿಂದ ಅದರ ಅಪಪಾಠವು ತಿದ್ದಿಹೋಗುವುದಿಲ್ಲ. ಪ್ರಿನ್ಸ್‌ಟನ್ನಿನವರ ಆರು ವಿಧಾನಗಳು ಅವರ ಪಕ್ಷಕ್ಕೆ ಬಲವನ್ನು ಕೊಟ್ಟುವು. ಪರಪಕ್ಷದ ತಪ್ಪು ಎಲ್ಲಿದೆಯೆಂಬುದನ್ನು ತೋರಿಸಲು ಅವು ಸಾಲದಾದುವು. ಅದಕ್ಕೆ ಬರ್ಕ್ಲಿಯ ಕ್ರಮವಿಧಿಯ ಮೂಲಪಾಠವನ್ನೇ ನೋಡಬೇಕಾಗಿತ್ತು, ಅದು ಬಹುಕಾಲ ಎದುರುಪಕ್ಷದ ಕೈಗೆ ಬಂದಿರಲಿಲ್ಲ. ಮಠದ ಭಂಡಾರದಲ್ಲಿರುವ ಪ್ರತಿಯನ್ನು ಕಾಣಗೊಡದೆ, ಅದರ ಪಾಠವೇ ಪ್ರಮಾಣವೆಂದು ಹೇಳಿದರೆ ಸಂಪಾದಕನಾದವನು ಏನು ತಾನೆ ಮಾಡಿಯಾನು? ಕ್ರಮವಿಧಿಯು ಗಣಿತವನ್ನು ಮಾಡುವ ಉಪಕರಣ ಮಾತ್ರವೆಂದೂ ಸಿದ್ಧಾಂತವನ್ನು ಲೇಖನದಲ್ಲಿ ಬರೆದಮೇಲೆ ಉಪಕರಣವನ್ನು ಹಂಚುವ ಋಣವಿಲ್ಲವೆಂದೂ ಭಾವಿಸುವ ವಿದ್ವಾಂಸರು ಆಗ ಅನೇಕರಿದ್ದರು. ಈ ಭಾವನೆಯು ಯುಕ್ತವಾಗಿ ತೋರುವುದಿಲ್ಲ. ಅನುಕರಣದಲ್ಲಿ ಹೇತುವಾಕ್ಯವು ಕ್ರಮವಿಧಿಯೇ. ಹೇತುವನ್ನು ಮುಚ್ಚಿಟ್ಟು ಸಾಧ್ಯವನ್ನು ಮಾತ್ರ ಹೇಳಿದರೆ ಅದು ಅನುಮಾನವಾಗಲಾರದು.

ಕಡೆಗೆ ಆ ಮೂಲಪಾಠವು ಎದುರುಪಕ್ಷಕ್ಕೆ ದೊರೆಯಿತು. ಅದನ್ನು ಪರೀಕ್ಷಿಸುವ ಕೆಲಸದಲ್ಲಿ ಮುಂದಾಳಾದವರು, ಹಿಂದೆ ಪ್ರಿನ್ಸ್‌ಟನ್ನಿನಲ್ಲಿದ್ದು ಆಗ ಹ್ಯೂಸ್ಟನ್ ವಿಶ್ವವಿದ್ಯಾಲಯವನ್ನು ಸೇರಿದ್ದ ಜೆರೆಮಿ ಪಾಮರ್. ಕಂಡುಬಂದ ದೋಷವನ್ನು ಅರಿಯಲು ಬರ್ಕ್ಲಿಯವರ ವಿಧಾನದ ಒಂದು ಅಂಶವನ್ನು ತಿಳಿದಿರಬೇಕು. ಅವರು ಅಣುಗಳನ್ನು ನ್ಯೂಟನ್ನನ ನಿಯಮದಂತೆ ಸ್ವಲ್ಪ ಕಾಲ ಚಲಿಸಗೊಟ್ಟು, ಬಂದ ವಿನ್ಯಾಸವನ್ನು ಒಂದು ಯಾದೃಚ್ಛಿಕ ಪರೀಕ್ಷೆಯಿಂದ ಸ್ವೀಕರಿಸಿ ಅಥವಾ ತಿರಸ್ಕರಿಸಿ, ಮತ್ತೆ ಹೊಸ ವೇಗಗಳಿಂದ ಹೊರಡಿಸುತ್ತಿದ್ದರು. ಪ್ರತಿಯೊಂದು ಆವೃತ್ತಿಯ ಮೊದಲಲ್ಲಿಯೂ ಅಣುಗಳಿಗೆ ಕೊಡುವ ವೇಗಗಳು ಆಯಾ ಉಷ್ಣತೆಗೆ ಮ್ಯಾಕ್ಸ್‌ವೆಲ್ ಮತ್ತು ಬೋಲ್ಟ್ಸ್‌ಮನ್ನರು ವಿಧಿಸಿದ ಹಂಚಿಕೆಯನ್ನು ಅನುಸರಿಸಿರಬೇಕೆಂಬುದು ಈ ವಿಧಾನದ ಪ್ರಾಣ. ನೀರಿನ ಅಣುವು ಬಿಂದುವಲ್ಲ. ಈ ಮಾದರಿಯಲ್ಲಿ ಅದು ಆಕಾರ ಕದಲದ ಒಂದು ಗಟ್ಟಿ ವಸ್ತು. ಅದಕ್ಕೆ ಸರಿದುಹೋಗುವ ವೇಗವೂ ಉಂಟು, ತನ್ನಲ್ಲಿಯೇ ತಿರುಗುವ ವೇಗವೂ ಉಂಟು. ಬರ್ಕ್ಲಿಯ ಕ್ರಮವಿಧಿಯಲ್ಲಿ ವೇಗಗಳನ್ನು ಹೊಸದಾಗಿ ಹಂಚುವ ಆ ಚಿಕ್ಕ ಭಾಗವು ಈ ವಿಧಿಗೆ ಒಪ್ಪುವಂತಿರಲಿಲ್ಲ. ಶಿರೋನಾಮದಲ್ಲಿ ಬರೆದಿದ್ದ ಉಷ್ಣತೆಯ ನೀರು ಬೇರೆ, ಯಂತ್ರದೊಳಗೆ ನಿಜವಾಗಿ ಚಲಿಸುತ್ತಿದ್ದ ನೀರು ಬೇರೆಯಾಗಿತ್ತು. ಯಾವ ಲೇಖನದಲ್ಲಿಯೂ ಒಂದು ವಾಕ್ಯಕ್ಕೆ ಮೀರಿ ವಿವರಿಸುವ ಗೋಜಿಗೆ ಯಾರೂ ಹೋಗದ ಭಾಗವದು. ಇಂಥ ಕಡೆಯಲ್ಲಿ ಆದ ತಪ್ಪು ಮುದ್ರಿತ ಲೇಖನಗಳನ್ನು ಎಷ್ಟು ಓದಿದರೂ ಸಿಕ್ಕುವುದಲ್ಲ.

ಆ ಭಾಗವನ್ನು ಸರಿಪಡಿಸಿ, ಉಳಿದುದೆಲ್ಲವನ್ನೂ ಹಾಗೆಯೇ ಇಟ್ಟು, ಬರ್ಕ್ಲಿಯ ಕ್ರಮವಿಧಿಯನ್ನೇ ಮತ್ತೆ ನಡೆಸಿದಾಗ ಅದರ ಪಟದಲ್ಲಿಯೂ ಎರಡು ದ್ರವಗಳ ಕಣಿವೆಗಳು ಕಾಣಿಸಿಕೊಂಡುವು. ಪಾಮರ್ ಮತ್ತು ಸಹೋದ್ಯೋಗಿಗಳು ಇದನ್ನು ೨೦೧೮ರಲ್ಲಿ, ಮೊದಲ ಖಂಡನವು ಅಚ್ಚಾಗಿದ್ದ ರಾಸಾಯನಿಕ ಭೌತಶಾಸ್ತ್ರದ ಪತ್ರಿಕೆಯಲ್ಲಿಯೇ ಪ್ರಕಟಿಸಿದರು. ಆ ವೇಳೆಗೆ ಚಾಂಡ್ಲರರು ಇರಲಿಲ್ಲ. ೨೦೧೭ರ ಏಪ್ರಿಲ್ ತಿಂಗಳಲ್ಲಿ ಅವರು ತೀರಿಕೊಂಡಿದ್ದರು. ಅವರ ಆಕ್ಷೇಪವು ವ್ಯರ್ಥವಾಯಿತೆಂದು ಹೇಳಲಾಗದು. ಹಿಮವನ್ನು ದ್ರವದಿಂದ ಬೇರ್ಪಡಿಸಿ ತೋರಿಸಿರೆಂಬ ಅವರ ಒತ್ತಾಯವಿಲ್ಲದಿದ್ದರೆ ಎದುರುಪಕ್ಷದವರು ಒಂದು ಲೆಕ್ಕವನ್ನು ಆರು ಮಾರ್ಗಗಳಿಂದ ಮಾಡುವ ಶ್ರಮಕ್ಕೆ ಹೋಗುತ್ತಿದ್ದರೋ ಇಲ್ಲವೋ.

ಎಸ್.ಟಿ. ೨ ಮಾದರಿಯಲ್ಲಿ ಎರಡು ದ್ರವಗಳಿವೆಯೆಂದ ಮಾತ್ರಕ್ಕೆ ನಿಜವಾದ ನೀರಿನಲ್ಲಿಯೂ ಇವೆಯೆಂದಾಗುವುದಿಲ್ಲ. ೨೦೨೦ರಲ್ಲಿ ಡೆಬೆನೆಡೆಟ್ಟಿ, ಷಿಯೊರ್ಟಿನೊ, ಜೆರ್ಜೆ ಎಂಬ ಮೂವರು, ನಿಜವಾದ ನೀರಿಗೆ ಇನ್ನೂ ಸಮೀಪವಾದ ಎರಡು ಮಾದರಿಗಳಲ್ಲಿ ಆ ಸಂಧಿಬಿಂದುವನ್ನು ಗಣಿಸಿ ತೋರಿಸಿದರು. ಅದೇ ವರ್ಷ ಆಂಡರ್ಸ್ ನಿಲ್ಸನ್ ಮೊದಲಾದವರು, ಸಾಂದ್ರವಾದ ಸ್ಫಟಿಕರಹಿತ ಹಿಮವನ್ನು ಲೇಸರಿನಿಂದ ಕ್ಷಣಮಾತ್ರ ಬಿಸಿಮಾಡಿ, ಅದು ಹಿಮವಾಗುವ ಮೊದಲೇ ಕ್ಷಕಿರಣಗಳಿಂದ ನೋಡಿ, ಒಂದು ದ್ರವವು ಮತ್ತೊಂದಾಗುವ ಲಕ್ಷಣಗಳನ್ನು ಪ್ರಕಟಿಸಿದರು. ಇನ್ನು ೨೦೧೧ರ ಲೇಖನದಲ್ಲಿ ಚಾಂಡ್ಲರ್ ಮತ್ತು ಲಿಮ್ಮರರು ಎಸ್.ಟಿ. ೨ರ ಜೊತೆಗೆ ಪರೀಕ್ಷಿಸಿದ್ದ ಎರಡನೆಯ ಮಾದರಿಯೊಂದಿತ್ತು. ಅದರಲ್ಲಿ ನೀರಿನ ಅಣುವು ಒಂದೇ ಬಿಂದು. ತಿರುಗುವ ವೇಗವೆಂಬುದೇ ಅದಕ್ಕಿಲ್ಲ. ಆ ನೀರಿನಲ್ಲಿ ಎರಡನೆಯ ದ್ರವವಿಲ್ಲವೆಂದು ಅವರು ಮಾಡಿದ ನಿರ್ಣಯವು ಈ ದೋಷದಿಂದ ಬಾಧಿತವಾಗಲಿಲ್ಲ.